ಕೆಂಪು ದಾರ ಕಟ್ಟಿದ ಸೊಪ್ಪು

ಊಟದ ಗಿಡ್ಡ ಮೇಜಿನ ಮೇಲೆ ಬೇಯಿಸಿ ಹಿಂಡಿಟ್ಟ ಸೊಪ್ಪನ್ನು ಕಂಡದ್ದೇ ಚಿಸೆಯ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಟೋಕಿಯೋದಿಂದ ಬಂದ ಪ್ರೊಫೆಸರ್ ಅರಿಮುರಾ ಎರಡು ತುತ್ತು ತಿಂದೂ ಆಗಿತ್ತು.

ಹದಿನೇಳು ವರ್ಷ ಈ ಒಂದೇ ಗಿಡದ ಬೆನ್ನು ಬಿದ್ದವಳು ಚಿಸೆ. ಮದುವೆ ಬಿಟ್ಟು ಹುಲ್ಲು ಒಣಗಿಸುತ್ತಾಳೆ ಎಂದು ಊರು ಆಡಿಕೊಂಡಿತ್ತು. ಶಿನ್ಶೂ ಬೆಟ್ಟದ ಈ ಸೊಪ್ಪು ಯಾರೂ ಹೆಸರಿಡದ ಹೊಸ ಜಾತಿ ಎಂದು ಅವಳು ಒಣಗಿದ ಹೂ ಕಳಿಸಿದರೆ, ಗಿಡದ ಮೇಲೆ ಅರಳಿದ್ದನ್ನು ನೋಡದೆ ಒಪ್ಪಲಾರೆ ಎಂದು ಅರಿಮುರಾ ಬರೆದಿದ್ದರು. ಈಗ ಖುದ್ದಾಗಿ ಬಂದಿದ್ದರು, ಸಂಜೆಯ ಬಸ್ಸಿಗೆ ಹೊರಡುವವರು. ಅವರಿಗೆ ತೋರಿಸಲೆಂದೇ ಹಿತ್ತಲಲ್ಲಿ ಬಿರಿಯಲಿದ್ದ ಮೂರು ಗಿಡಗಳಿಗೆ ಅವಳು ಕೆಂಪು ದಾರ ಕಟ್ಟಿದ್ದಳು. ತಾಯಿ ಅವನ್ನೇ ಕಿತ್ತು ಬೇಯಿಸಿದ್ದಳು.

"ದಾರ ಕಟ್ಟಿದ್ದೆಯಲ್ಲ, ಮೇಷ್ಟ್ರಿಗೆ ಅಂತ ತೆಗೆದಿಟ್ಟಿದ್ದೀಯ ಅನ್ಕೊಂಡೆ" ಎಂದಳು ತಾಯಿ ತೋಮೆ. "ಮೊಗ್ಗಲ್ಲಿ ತಿಂದ್ರೇನೇ ಅಲ್ವಾ ಇದು ರುಚಿ?"

ಚಿಸೆಗೆ ಅಳು ಬಂತು. ವಿಷಯ ತಿಳಿದ ಅರಿಮುರಾ ಪೆಚ್ಚಾಗಿ ಊಟದ ಕಡ್ಡಿ ಕೆಳಗಿಟ್ಟರು.

"ಹಾಗಾದ್ರೆ ಹೊಸ ಜಾತೀನ ಮೊದಲು ತಿಂದವನು ನಾನೇ."

"ನೀವಂತೆ ಮೊದಲು! ನಮ್ಮಜ್ಜಿ ಕಾಲದಿಂದ ತಿಂತಿದೀವಿ" ಎಂದು ತೋಮೆ ಮಗಳ ಕಡೆ ತಿರುಗಿದಳು. "ಹೂವೇ ಬೇಕು ಅಂತ ಬಾಯಿಬಿಟ್ಟು ಹೇಳೋದಲ್ವೇನೇ? ಬಿಸಿನೀರಿನ ಒರತೆ ಹತ್ರ ಹಿಮ ಬೇಗ ಕರಗುತ್ತೆ. ಅಲ್ಲಿ ಆಗಲೇ ಅರಳಿರುತ್ತೆ. ಗಂಧಕದ ವಾಸನೆ ಅಂತ ಯಾರೂ ಕೀಳಲ್ಲ."

ಚಿಸೆಗೆ ನಾಚಿಕೆಯಾಯಿತು. ಊರೂರಿನ ಪಂಡಿತರಿಗೆಲ್ಲ ಪತ್ರ ಬರೆದವಳು, ಒಲೆಯ ಮುಂದಿದ್ದ ತಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಅರವತ್ತೆಂಟರ ತೋಮೆ ಮುಂದೆ, ಏದುಸಿರು ಬಿಡುತ್ತ ಇವರಿಬ್ಬರು ಹಿಂದೆ. ಒರತೆಯ ದಂಡೆಯ ತುಂಬ ನೇರಳೆ ಗೆರೆಯ ಬಿಳಿ ಹೂಗಳು ಅರಳಿದ್ದವು. ಅರಿಮುರಾ ಕೆಸರಲ್ಲೇ ಮಂಡಿಯೂರಿ, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಚಿಸೆಗೆ ತಲೆಬಾಗಿದರು. ಹೊಸ ಜಾತಿಯೇ, ತಾನು ಅನುಮಾನಪಟ್ಟದ್ದು ತಪ್ಪು ಎಂದರು.

ತೋಮೆ ಎಂದಿನ ರೂಢಿಯಂತೆ ಮೂರು ದಂಟಿಗೆ ಒಂದನ್ನೇ, ಬೇರು ಅಲುಗದ ಹಾಗೆ ಮುರಿದು ಕೊಟ್ಟಳು. ಹೂವಿನ ಜೊತೆ ಇಡುವ ಚೀಟಿ ತುಂಬುತ್ತ, ಸಂಗ್ರಹಿಸಿದವರ ಹೆಸರಿನ ಜಾಗಕ್ಕೆ ಬಂದಾಗ ಚಿಸೆ ಅರಿಮುರಾ ಅವರ ಮುಖ ನೋಡಿದಳು.

"ಕಿತ್ತವರ ಹೆಸರು ತಾನೇ ಬರೆಯೋದು, ಮೇಷ್ಟ್ರೇ?"

ಅವರು ಹೌದೆಂದರು. ಅವಳು 'ಕಾಯಾನೊ ತೋಮೆ' ಎಂದು ಬರೆದು ತಾಯಿಗೆ ಓದಿ ಹೇಳಿದಳು.

"ಸೊಪ್ಪು ಕಿತ್ತಿದ್ದಕ್ಕೂ ಹೆಸರು ಬರೀತಾರಾ?" ಎಂದ ತೋಮೆ ಆ ಚೀಟಿಯನ್ನು ಇನ್ನೊಮ್ಮೆ ಓದಿಸಿಕೊಂಡಳು.

ಹಿಂತಿರುಗುವಾಗ ತೋಮೆ ಒಳದಾರಿ ಹಿಡಿಯಲಿಲ್ಲ. ಹೂ ಇಟ್ಟಿದ್ದ ತಗಡಿನ ಡಬ್ಬಿಯನ್ನು ತನ್ನ ಹೆಗಲಿಗೇ ಹಾಕಿಕೊಂಡು ಊರ ನಡುಬೀದಿಯಲ್ಲಿ ನಡೆದಳು. ಮಗಳನ್ನು ಕಂಡು ನಕ್ಕಿದ್ದ ಒಂದೊಂದು ಮನೆಯ ಮುಂದೂ ನಿಂತು, ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು.