ಹನ್ನೊಂದನೆಯ ಪ್ರತಿವಾದಿ

“ಇದು ನಿಮ್ಮ ಮಿಯಾಪುರದ್ದು. ನೀವೇ ಮುಟ್ಟಿಸಿ ಸಹಿ ತೊಗೊಂಡು ಬರ್ರಿ,” ಎಂದು ವಕೀಲ ಶಿವಶರಣಪ್ಪನವರು ಕಂದು ಲಕೋಟೆಯೊಂದನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು.

ಆನಂದಕುಮಾರ ಅದನ್ನು ಮುಟ್ಟಲಿಲ್ಲ. ವಿಳಾಸ ಅವನ ಕಡೆಗೇ ತಿರುಗಿತ್ತು: ಭಾಗ್ಯಶ್ರೀ, ತಂದೆ ತಾಯಪ್ಪ, ಹನ್ನೊಂದನೆಯ ಪ್ರತಿವಾದಿ. ಕಚೇರಿಯ ಕೆಳಗೆ, ಸುಲ್ತಾನ್ ಬಜಾರಿನ ಗದ್ದಲದಲ್ಲಿ, ದುಪಟ್ಟಾ ಮಾರುವವನೊಬ್ಬ ಗಂಟಲು ಹರಿದು ಕೂಗುತ್ತಿದ್ದ.

“ತಂದಿ ಹೆಸರು ನೋಡಿದ್ರೇನ್ರಿ?”

“ಯಾಕ, ನಿಮ್ಮ ಪೈಕಿನೇನು?”

“ನನ್ನ ತಂಗಿರಿ.”

ವಕೀಲರು ಕನ್ನಡಕ ತೆಗೆದು ಅವನನ್ನು ನೋಡಿದರು. ಬೀದರದಿಂದ ಬಂದು ಮೂವತ್ತು ವರ್ಷ ಈ ಊರಿನ ಕೋರ್ಟುಗಳಲ್ಲಿ ನಿಂತವರು. ಅಣ್ಣತಮ್ಮಂದಿರ ದಾವೆಗಳಿಗೆ ಅವರಲ್ಲಿ ಲೆಕ್ಕವಿರಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, “ಛಲೋ ಆತು. ‘ಬಾಗಿಲಕ ಬೀಗ’ ಅಂತ ಬರಸ್ಕೊಂಡು ಇದು ಹೊಳ್ಳಿ ಬರಂಗಿಲ್ಲ,” ಎಂದರು.

ಮೊಕದ್ದಮೆಗೆ ಒಂದು ವರ್ಷ ತುಂಬಿತ್ತು. ಸರ್ಕಾರಿ ಇಲಾಖೆಯೊಂದರ ಕಿರಿಯ ಸಹಾಯಕರ ನೇಮಕಕ್ಕೆ ಅಧಿಸೂಚನೆ ಹೊರಟಾಗ, ಪರೀಕ್ಷೆಗೆ ಮೊದಲೇ, ಅಮೀರ್‌ಪೇಟ್‌ನ ತರಬೇತಿ ಕೇಂದ್ರದಲ್ಲಿ ಜೊತೆಗೆ ಓದುತ್ತಿದ್ದ ಗಂಡುಹುಡುಗರು ಕೂಡಿ ಹೈಕೋರ್ಟಿಗೆ ಹೋಗಿದ್ದರು. ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆದದ್ದರಿಂದ ಆನಂದಕುಮಾರ ಮೊದಲನೆಯ ಅರ್ಜಿದಾರನಾದ; ಪ್ರಕರಣಕ್ಕೆ ಅವನ ಹೆಸರೇ ನಿಂತಿತು. ವಿವಾದ ಇಷ್ಟೆ. ಅವರ ಹಿಂದುಳಿದ ವರ್ಗದ ಪಾಲಿಗೆ ಒಂಬತ್ತು ಹುದ್ದೆ. ಅದರಲ್ಲಿ ಮೂರನೆಯ ಒಂದು ಭಾಗ, ಅಂದರೆ ಮೂರು, ಹೆಂಗಸರಿಗೆ. ಇಲಾಖೆಯವರು ಆ ಮೂರನ್ನು ಮೊದಲೇ ಎತ್ತಿಟ್ಟು, ಉಳಿದ ಆರನ್ನು ಅಂಕಗಳ ಮೇಲೆ ಎಲ್ಲರಿಗೂ ಹಂಚಿದರು. ಫಲಿತಾಂಶ ಬಂದಾಗ ಆ ಆರರಲ್ಲಿಯೂ ಇಬ್ಬರು ಹೆಂಗಸರಿದ್ದರು. ಆ ಇಬ್ಬರನ್ನು ಹೆಂಗಸರ ಮೂರರಲ್ಲಿ ಎಣಿಸಬೇಕೋ, ಬಾರದೋ? ಎಣಿಸಿದರೆ ಎತ್ತಿಡಬೇಕಾದದ್ದು ಒಂದೇ ಹುದ್ದೆ. ಎರಡು ಹುದ್ದೆಗಳು ಹೆಚ್ಚು ಅಂಕದ ಗಂಡಸರಿಗೆ ತಿರುಗುತ್ತವೆ. ಹಾಗೆ ಒಳಗೆ ಬರುವವರಲ್ಲಿ ಎರಡನೆಯವನು ಆನಂದಕುಮಾರ. ಹೊರಗೆ ಹೋಗುವವರಲ್ಲಿ ಕೊನೆಯವಳು ಭಾಗ್ಯಶ್ರೀ.

ಪರೀಕ್ಷೆಗೆ ಅವಳ ಅರ್ಜಿಯನ್ನು ತುಂಬಿದವನೂ ಅವನೇ. ಮನೆಯಲ್ಲಿ ಒಬ್ಬನೇ ಓದಲು ಬೇಸರವೆಂದು, “ನೀನೂ ಕುಂದ್ರು, ನಡೀತದ,” ಎಂದಿದ್ದ. ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸ, ಎಲ್ಲವನ್ನೂ ಹೇಳಿಕೊಟ್ಟಿದ್ದ. ಅವಳು ಆಯ್ಕೆಯಾದ ದಿನ ಪೇಢೆ ತಂದವನೂ ಅವನೇ. ಮನೆಯವರಿಗೆ ಅವನು ಹೇಳಿದ್ದು ಒಂದೇ ಮಾತು: ಕೇಸು ಸರ್ಕಾರದ ಮೇಲೆ. ಸುಳ್ಳು ಹೇಳಿರಲಿಲ್ಲ, ಆಗ ಅವನೂ ಹಾಗೆಯೇ ನಂಬಿದ್ದ. ಆದರೆ ಆಯ್ಕೆಯಾದವರ ಮಾತು ಕೇಳದೆ ತೀರ್ಪು ಕೊಡಲಾಗದೆಂದು ನ್ಯಾಯಮೂರ್ತಿಗಳು ಹೇಳಿದರು. ನೇಮಕದ ಆದೇಶಗಳನ್ನು ತಡೆದರು. ಆಯ್ಕೆಯಾದವರನ್ನೆಲ್ಲ ಪ್ರತಿವಾದಿಗಳಾಗಿ ಸೇರಿಸಿ, ನೋಟಿಸನ್ನು ಖುದ್ದಾಗಿ ಮುಟ್ಟಿಸುವ ಹೊಣೆಯನ್ನು ಅರ್ಜಿದಾರರ ಮೇಲೆಯೇ ಹಾಕಿದರು.

“ನನ್ನ ಹೆಸರು ತಗದು ಬಿಡ್ರಿ ಸರ್,” ಎಂದ ಆನಂದಕುಮಾರ. “ನಾ ಹಿಂದ ಸರೀತೀನಿ.”

“ಸರೀರಿ. ಉಳದವರು ಸರೀತಾರೇನು? ಕೇಸು ನಡೀತದ. ಗೆದ್ರ ನಿಮ್ಮ ತಂಗಿ ಹೆಂಗೂ ಹೋಗ್ತಾಳ. ನಿಮ್ಮ ಜಾಗಾದಾಗ ನಿಮ್ಮ ಹಿಂದಿನಾಂವ ಬಂದು ಕೂಡ್ತಾನ. ನಿಮಗ ಮುಂದಿನ ಸಲಕ ವಯಸ್ಸು ಐತೇನು?”

ಇರಲಿಲ್ಲ. ವಯೋಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು.

“ನೋಟಿಸು ಮುಟ್ಟದಿದ್ರ?”

“ಕೇಸು ವಜಾ. ಉಳದ ಹುಡುಗುರು ನಿಮ್ಮ ಮನೀ ಮುಂದ ಬಂದು ನಿಂದರ್ತಾರ. ನಾಳೆ ಮುಂಜಾನೆ ಸಹಿ ನನ್ನ ಕೈಯಾಗ ಇರಬೇಕು.”

ಅವನು ಪ್ರತಿಯೊಂದು ದಾರಿಯನ್ನೂ ಕೊನೆಯವರೆಗೆ ಲೆಕ್ಕ ಹಾಕಿ ನೋಡಿದ. ಯಾವುದರಲ್ಲಿಯೂ ಇಬ್ಬರ ನೌಕರಿಯೂ ಉಳಿಯಲಿಲ್ಲ. ಲಕೋಟೆಯನ್ನು ಎತ್ತಿಕೊಂಡ.

ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟುಗಳ ಹಿಂದೆ, ಕಾಂಪೌಂಡಿಗೆ ತಗುಲಿದ ಎರಡು ಕೋಣೆಗಳಲ್ಲಿ ಅವರ ಸಂಸಾರ. ಯಾದಗಿರಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಪ್ಪ ಈ ಕಟ್ಟಡಗಳಿಗೆಲ್ಲ ಇಟ್ಟಿಗೆ ಕಟ್ಟಿದವನು. ಬೆನ್ನು ಹೋದ ಮೇಲೆ ಅವುಗಳ ಗೇಟಿನಲ್ಲಿಯೇ ಕಾವಲಿಗೆ ಕುಳಿತಿದ್ದ. ಸಂಜೆ ಆನಂದಕುಮಾರ ಒಳಗೆ ಬಂದಾಗ ಅಪ್ಪ ಸಮವಸ್ತ್ರದ ಅಂಗಿ ಕಳಚುತ್ತಿದ್ದ. ತಾಯಿ ಯಂಕಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭಾಗ್ಯಶ್ರೀ ಒಗೆದ ಬಟ್ಟೆ ಮಡಿಸುತ್ತಿದ್ದಳು.

“ನಿನಗ ಬಂದೈತಿ,” ಎಂದು ಲಕೋಟೆಯನ್ನು ಅವಳ ಕೈಗೆ ಕೊಟ್ಟ.

“ಆರ್ಡರೇನೋ?” ಎಂದು ಯಂಕಮ್ಮ ಹಿಟ್ಟಿನ ಕೈಯಲ್ಲಿಯೇ ಎದ್ದಳು.

ಭಾಗ್ಯಶ್ರೀ ನಿಂತಲ್ಲಿಯೇ ಓದಿದಳು. ಪುಟ ತಿರುಗಿಸಿ, ಮತ್ತೆ ಮೊದಲಿನ ಪುಟಕ್ಕೆ ಬಂದಳು. “ಅರ್ಜಿದಾರ ಒಂದು, ಆನಂದಕುಮಾರ,” ಎಂದು ಗಟ್ಟಿಯಾಗಿ ಓದಿ, “ಭಾರಿ ದೊಡ್ಡ ಮನಷಾ ಆಗಿಯಲ್ಲೋ ಅಣ್ಣಾ. ಎಲ್ಲಾರಕಿಂತ ಮೊದಲು ನಿನ್ನ ಹೆಸರ ಐತಿ,” ಎಂದಳು.

“ಕೇಸು ಸರ್ಕಾರದ ಮ್ಯಾಲ ಐತವ್ವ.”

“ಸರ್ಕಾರ ನಮ್ಮ ಮನ್ಯಾಗ ಬಟ್ಟಿ ಮಡಚಾಕತ್ತೈತೇನು?”

ಅವಳು ನೆಲದ ಮೇಲೆ ಕುಳಿತು, “ಹೇಳು, ಲೆಕ್ಕ ಹ್ಯಾಂಗ?” ಎಂದಳು. ಅವನು ಹೇಳಿದ. ಒಂಬತ್ತು, ಮೂರು, ಆರು, ಎರಡು. ಪರೀಕ್ಷೆಗೆ ಓದಿಸುವಾಗಿನ ಹಾಗೆಯೇ ಅವಳು ಮಧ್ಯೆ ತಡೆದು ಕೇಳಿದಳು. ಅವನೂ ಹಾಗೆಯೇ ಬಿಡಿಸಿ ಹೇಳಿದ. ಕೊನೆಗೆ ಅವಳು ತಲೆ ಆಡಿಸಿದಳು.

“ಲೆಕ್ಕ ಸರಿ ಐತಿ.”

ತಾಯಪ್ಪ ಅಷ್ಟು ಹೊತ್ತು ಬೆರಳು ಮಡಚುತ್ತ ಕುಳಿತಿದ್ದ. ಅವನ ಮುಖ ಸ್ವಲ್ಪ ತಿಳಿಯಾಯಿತು. “ಹಂಗಾದ್ರ ಮನೀಗೆ ಲುಕ್ಸಾನಿಲ್ಲ ಬಿಡ್ರಿ. ಒಂದು ಹೋಗಿ ಒಂದು ಬರತೈತಿ. ಆಕಿ ನಾಳೆ ಲಗ್ನ ಆಗಿ ಹೋಗಾಕಿ. ಇಂವಗ ಬಂದ್ರ ನೌಕರಿ ಮನ್ಯಾಗ ಉಳೀತೈತಿ.”

“ನಿಮ್ಮ ಬಾಯಿಗೆ ಗಾರಿ ಮೆತ್ತಬೇಕು ನೋಡ್ರಿ,” ಎಂದಳು ಯಂಕಮ್ಮ. “ಆಕಿ ಓದಿದ್ದು ಯಾರ ಮನ್ಯಾಗ?”

“ನಾ ಏನು ತಪ್ಪು ಅಂದೆ? ದೋನೋ ಅಪನೇಚ್ ಬಚ್ಚೆ, ಇಬ್ಬರೂ ನಮ್ಮ ಮಕ್ಕಳ.”

ಭಾಗ್ಯಶ್ರೀ ಅಪ್ಪನ ಕಡೆಗೆ ನೋಡಲಿಲ್ಲ. ಅಣ್ಣನ ಜೇಬಿನಿಂದ ಪೆನ್ನು ಎಳೆದುಕೊಂಡು, ಸ್ವೀಕೃತಿಯ ಚೀಟಿಗೆ ಸಹಿ ಹಾಕಿ, ತಾರೀಖು ಬರೆದಳು. ಚೀಟಿಯನ್ನು ಅವನಿಗೆ ಕೊಟ್ಟು ಹೇಳಿದಳು: “ನನ್ನ ಜೋಡಿ ಸೆಲೆಕ್ಟ್ ಆದ ಹರ್ಷದಾ ಮಧ್ಯಾಹ್ನ ಫೋನ್ ಮಾಡಿದ್ಲು. ಆಕಿಗೂ ಬಂದೈತಂತ. ಹೈಕೋರ್ಟ್‌ನಾಗ ಒಬ್ಬ ವಕೀಲ ಮೇಡಂ ಅದಾರ. ನಾಳೆ ನಾನೂ ಬರತೀನಿ.”

“ಲೆಕ್ಕ ಸರಿ ಐತಿ ಅಂದಿ. ಮತ್ಯಾಕ ವಕೀಲರು?”

“ಲೆಕ್ಕ ಸರಿ ಐತಿ. ನೌಕರಿ ನಂದೈತಿ.” ಅವಳ ದನಿ ಏರಲಿಲ್ಲ. “ಮೂರು ಅಂತ ಹೇಳಿದ್ರು. ನಾ ಮೂರನೇದಾಕಿ ಆಗಿ ತೋರಿಸಿದೆ. ಒಂದು ಅಂದಿದ್ರ ಒಂದನೇದಾಕಿ ಆಗೂ ಹಾಂಗ ಓದತಿದ್ದೆ. ಈಗ ಬಂದು ಒಂದು ಅಂದ್ರ ನಾ ಯಾವ ಪರೀಕ್ಷಾ ಬರೀಲಿ?”

“ನನಗ ನಿನಕಿಂತ ಅಂಕ ಹೆಚ್ಚದಾವ ಭಾಗ್ಯಾ.” ಆ ಮಾತು ಹೊರಗೆ ಬಂದ ಮೇಲೆಯೇ ಅದು ಎಷ್ಟು ದಿನದಿಂದ ತನ್ನೊಳಗಿತ್ತೆಂದು ಅವನಿಗೆ ತಿಳಿಯಿತು.

“ಹೆಚ್ಚದಾವ. ಕಲಿಸಿದಾಂವ ನೀನ ಅಲ್ಲೇನು?” ಎಂದು ಅವಳು ಉಳಿದ ಬಟ್ಟೆಗಳಿಗೆ ಕೈ ಹಾಕಿದಳು.

ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಯಂಕಮ್ಮ ಅದನ್ನು ಎತ್ತಿ ಪಕ್ಕಕ್ಕೆ ಎಸೆದಳು.

ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟರು. ಬೇರೆ ಬೇರೆ ಹೊರಡಲು ಕಾರಣ ಹುಡುಕಬೇಕಾಗಿತ್ತು. ಹುಡುಕಲು ಇಬ್ಬರಿಗೂ ನಾಚಿಕೆಯಾಯಿತು. ಬಾಗಿಲಲ್ಲಿ ಯಂಕಮ್ಮ ಒಂದೇ ಡಬ್ಬಿಯನ್ನು ಮಗಳ ಕೈಗೆ ಕೊಟ್ಟಳು. “ಇಬ್ಬರೂ ಒಂದ ಕೋರ್ಟಿಗೆ ಹೊಂಟೀರಿ. ಒಂದ ಕಡೆ ಕುಂತು ಉಣ್ರಿ,” ಎಂದಳು.

ಮೆಟ್ರೊ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಜನ ಸಾಲುಗಟ್ಟಿದ್ದರು. ರೈಲು ಇಲ್ಲಿಂದಲೇ ಹೊರಡುವುದಾದ್ದರಿಂದ ಒಳಗೆ ಸೀಟು ಹಿಡಿಯುವ ಆತುರ ಎಲ್ಲರಲ್ಲಿಯೂ ಇತ್ತು. ಭಾಗ್ಯಶ್ರೀ ಕಂಬವೊಂದರ ಮರೆಯಲ್ಲಿ ನಿಂತು ಡಬ್ಬಿಯ ಮುಚ್ಚಳ ತೆಗೆದಳು.

“ಈಗ್ಯಾಕ ತೆಗೀತಿ? ಅವ್ವ ಕೂಡಿ ಉಣ್ರಿ ಅಂದಾಳ.”

“ಅಲ್ಲಿ ನೀ ನಿನ್ನ ಮಂದಿ ಕೂಡ ಇರತಿ. ನಾ ಹರ್ಷದಾನ ಕೂಡ ಇರತೀನಿ. ಮೇಡಂ ನೋಡಿದ್ರ ಏನಂತಾರ?”

ಚೀಲದಿಂದ ಹಳೆಯ ತೆಲುಗು ಪತ್ರಿಕೆಯ ಹಾಳೆ ತೆಗೆದು, ರೊಟ್ಟಿಗಳಲ್ಲಿ ಅರ್ಧದಷ್ಟನ್ನು ಅದರ ಮೇಲೆ ಇಟ್ಟಳು. ಶೇಂಗಾ ಚಟ್ನಿಯನ್ನು ಚಮಚದಿಂದ ಎರಡು ಪಾಲು ಮಾಡಿದಳು. ಅಣ್ಣನ ಪಾಲಿನ ಕಡೆ ನೋಡಿ, ತನ್ನದರಿಂದ ಸ್ವಲ್ಪ ತೆಗೆದು ಅದಕ್ಕೆ ಸೇರಿಸಿದಳು. ಕಟ್ಟು ಕಟ್ಟಿ ಅವನ ಕೈಗೆ ಕೊಟ್ಟು, ರೈಲು ಬರುತ್ತಿದ್ದಂತೆ, ಹೆಂಗಸರಿಗೆಂದು ಗುರುತು ಹಾಕಿದ ಬಾಗಿಲಿನ ಕಡೆಗೆ ನಡೆದಳು.

ಆನಂದಕುಮಾರ ಜನರ ನೂಕಿನಲ್ಲಿ ಒಳಗೆ ಸೇರಿ ಕಂಬ ಹಿಡಿದು ನಿಂತ. ಆ ತುದಿಯಲ್ಲಿ ಅವಳ ನೆತ್ತಿ ಕಾಣುತ್ತಿತ್ತು. ಮುಖ ಕಿಟಕಿಯ ಕಡೆಗಿತ್ತು. ರೈಲು ಹೊರಟಿತು. ಅವನು ಊಟದ ಕಟ್ಟನ್ನು ಕೇಸಿನ ಫೈಲಿನ ಮೇಲೆ ಇಟ್ಟುಕೊಂಡು ಎದೆಗೆ ಒತ್ತಿ ಹಿಡಿದಿದ್ದ. ಪತ್ರಿಕೆಯ ಹಾಳೆಯಿಂದ ಚಟ್ನಿಯ ಎಣ್ಣೆ ನಿಧಾನವಾಗಿ ಒಸರಿ, ಫೈಲಿನ ರಟ್ಟಿನ ಮೇಲೆ ಹರಡತೊಡಗಿತು.