ಅಂಬಾರಾಯರ ಪಡಸಾಲೆಯಲ್ಲಿ ಮೊದಲ ವಾಕ್ಯ

ಇಂಗ್ಲಿಷ್ ಪ್ಯಾರಾಗ್ರಾಫಿನ ಮೊದಲ ವಾಕ್ಯದಲ್ಲೇ ವಿಷಯ ಇರಬೇಕು ಎಂದು ಸೇಡಂನ ಹೈಸ್ಕೂಲೊಂದರಲ್ಲಿ ನಾನು ಗಂಟಲು ಹರಿದುಕೊಳ್ಳುತ್ತಿದ್ದ ಕಾಲವದು. ಆಕಳ ಬಗ್ಗೆ ಬರೆಯಿರಿ ಎಂದರೆ ಹುಡುಗರು ಊರು, ಹಳ್ಳ, ಸೋದರಮಾವ ಎಲ್ಲ ಸುತ್ತಿ ಬಂದು ಆಕಳನ್ನು ಹಿಡಿಯುತ್ತಿದ್ದರು. ನಾನು ಮೊದಲ ಸಾಲಿಗೇ ಕೆಂಪು ಗೀಟು ಎಳೆದು, ಮುಂದೆ ಓದುತ್ತಲೇ ಇರಲಿಲ್ಲ. ಇದೆಲ್ಲ ಗೊತ್ತಿರುವವನು ತಾಲೂಕಿಗೆ ನಾನೊಬ್ಬನೇ ಎಂಬ ಜಂಬ ಬೇರೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ಆಡಕಿ ಊರಿನ ಅಂಬಾರಾಯರ ಮಗಳು ಅಮೃತಮ್ಮನನ್ನು ಒಂದು ಮದುವೆಯಲ್ಲಿ ನೋಡಿ ನಿದ್ದೆಗೆಟ್ಟೆ. ಮದುವೆಯಾದರೆ ಆಕೆಯನ್ನೇ ಎಂದು ಹಟ ಹಿಡಿದೆ. ಸೋದರಮಾವ ಸಾಯಬಣ್ಣ ಕೇಳಲು ಹೊರಟ. ನಮ್ಮವರಲ್ಲಿ ಹೆಣ್ಣು ಕೇಳಲು ಹೋದವರು ಹೆಣ್ಣಿನ ಮಾತು ತೆಗೆಯುವುದಿಲ್ಲ. ಎತ್ತು ನೋಡಲು ಬಂದೆವು ಎನ್ನುತ್ತಾರೆ. ಈ ಸುತ್ತುಬಳಸಿನ ಮೇಲೆ ನಂಬಿಕೆ ಸಾಲದೆ ನಾನೂ ಅವನ ಬೆನ್ನು ಹತ್ತಿದೆ.

“ಬಾಯಿ ಮುಚಗೊಂಡು ಕುಂದ್ರತಿ ಅಂದ್ರ ಬಾ,” ಎಂದ ಮಾವ.

ಅಂಬಾರಾಯರ ಪಡಸಾಲೆಯಲ್ಲಿ ಚಹಾ ಬಂತು. ಮಾವ ಮಳೆಯಿಂದ ತೊಗರಿಗೆ ಬಂದ, ತೊಗರಿಯಿಂದ ದನ ತಿನ್ನುವ ಹೊಟ್ಟಿಗೆ ಬಂದ. “ನಿಮ್ಮ ಎತ್ತ ಭಾಳ ಚಂದ ಅವ ಅಂತ ಕೇಳೀವ್ರಿ,” ಎಂದ. ನನಗೆ ತಡೆಯಲಾಗಲಿಲ್ಲ.

“ಎತ್ತಲ್ರಿ. ನಿಮ್ಮ ಮಗಳು ಅಮೃತಮ್ಮನ್ನ ನನಗ ಕೇಳಲಿಕ್ಕ ಬಂದೀವಿ.”

ಎಂಥ ವಾಕ್ಯ! ಒಂದೇ ವಿಷಯ, ಒಂದು ಪದ ಹೆಚ್ಚಿಲ್ಲ. ಮಾವನ ಬಸಿಯ ಚಹಾ ಧೋತರದ ಮೇಲೆ ಚೆಲ್ಲಿತು. ಒಳಗೆ ಬಳೆಯ ಸದ್ದು ನಿಂತಿತು.

ಅಂಬಾರಾಯರು ರುಮಾಲು ಸರಿಮಾಡಿಕೊಂಡರು. “ಮಾಸ್ತರ, ನೀವು ಬಾಯಿಬಿಟ್ಟು ಕೇಳಿದ್ರಿ. ನಾನೂ ಬಾಯಿಬಿಟ್ಟು ಹೇಳಬೇಕಾತು. ನಮ್ಮ ಹುಡುಗಿನ್ನ ಕೊಡಂಗಿಲ್ರಿ.”

ಅದೂ ನೂರಕ್ಕೆ ನೂರು ಅಂಕದ ವಾಕ್ಯವೇ.

ಬಸ್ಸಿಗೆ ಕಾಯುತ್ತ ಮಾವ ನನ್ನ ನೀರಿಳಿಸಿದ. “ಏನ್ ಜಲ್ದಿ ಇತ್ತೋ ನಿನಗ? ಅಂವ ಇನ್ನಾ ವಿಚಾರ ಮಾಡಾಕತ್ತಿದ್ದ. ಎತ್ತಿನ ಮಾತಿದ್ರ ‘ಸದ್ಯ ಮಾರಂಗಿಲ್ಲ’ ಅಂತಿದ್ದ. ಸುಗ್ಗಿ ಆದಮ್ಯಾಲ ಮತ್ತ ಎತ್ತು ನೋಡಲಿಕ್ಕ ಬರತಿದ್ವಿ. ಮಗಳನ್ನ ಕೊಡಂಗಿಲ್ಲ ಅಂದಮ್ಯಾಲ ಹಿರೇ ಮನಷ್ಯಾ ಹ್ಯಾಂಗ ಹೊಳ್ಳಿ ಹೂಂ ಅಂತಾನ?”

ಆ ಎತ್ತುಗಳ ಮರೆಯಲ್ಲಿ ಹಿರಿಯರು ಎರಡೂ ಮನೆಯ ಮಾನ ಕಾಯುತ್ತಿದ್ದರೆಂದು ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ಗಂಡು ನಾನು, ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಸೇಡಂವರೆಗೆ ಅಳುತ್ತ ಬಂದೆ.

ಸೋಮವಾರ ತರಗತಿಯಲ್ಲಿ ಒಂದು ಪ್ರಬಂಧ ಕೈಗೆ ಬಂತು. ವಿಷಯ ಆಕಳು, ಮೊದಲ ಸಾಲಿನಲ್ಲಿ ಹಳ್ಳ. ಗೀಟು ಎಳೆಯಲು ಕೈ ಏಳಲಿಲ್ಲ. ಓದುತ್ತ ಹುಡುಗನ ಜೊತೆ ಹಳ್ಳ ದಾಟಿದೆ, ಅವನ ಸೋದರಮಾವನ ಮನೆಯಲ್ಲಿ ಕೂತೆ, ಅತ್ತೆ ಕೊಟ್ಟ ಮಜ್ಜಿಗೆ ಕುಡಿದೆ. ಕೊನೆಯ ಸಾಲಿನಲ್ಲಿ ಆಕಳು ಯಾರೂ ಕರೆಯದೆ, ತಾನಾಗಿಯೇ ಮನೆಗೆ ಬಂತು.