ಮೂರು ಸಲ ಹಸಿರು ಪುಡಿ

ನೀರು ಸಣ್ಣಗೆ ಸದ್ದು ಮಾಡ್ತಿದೆ, ಕುದಿಯಬಾರದಂತೆ, ಕುದ್ದರೆ ಪುಡಿ ಕಹಿಯಾಗುತ್ತಂತೆ, ಮಗಳು ಎಲ್ಲೋ ನೋಡಿ ಕಲಿತ ಜಪಾನೀ ಟೀ — ಅಮ್ಮ, ಗಡಿಯಾರ ಬಿಚ್ಚಿಡು, ಫೋನು ಆಚೆ ರೂಮಲ್ಲಿರಲಿ, ಹದಿನೈದು ನಿಮಿಷ ಮನಸ್ಸು ಒಂದು ಕಡೆ ನಿಲ್ಲಲಿ — ನಿಲ್ಲಲಿ ಅಂತೆ, ಇಪ್ಪತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ನಿಂತ ಕಾಲೇ ಕೂರೋಕೆ ಒಪ್ಪಲ್ಲ, ಇನ್ನು ಮನಸ್ಸು ನಿಲ್ಲುತ್ತಾ, ಮಂಡಿ ಮಡಚಿ ಎರಡು ನಿಮಿಷಕ್ಕೇ ಜೋಮು, ಎದುರಿಗೆ ಇವಳು ನೋಡು, ಕುಡಿದ ಲೋಟ ತೊಳೆದಿಡದವಳು ಬಟ್ಟಲನ್ನ ಎರಡೂ ಕೈಯಲ್ಲಿ ಎತ್ತಿ ಒರೆಸ್ತಾಳೆ, ಇರಲಿ, ಚೆನ್ನಾಗೇ ಇದೆ, ಆ ಪುಡಿ ವಾಸನೆ, ಈಗಷ್ಟೇ ಕೊಯ್ದ ಹುಲ್ಲಿನ ಹಾಗೆ, ನಿಜ ಹೇಳಬೇಕಂದ್ರೆ ವಾರವೆಲ್ಲ ಈ ಭಾನುವಾರ ಸಂಜೆಗೇ ಕಾಯ್ತೀನಿ, ಇವತ್ತು ಮಾತ್ರ ಯಾಕೋ ಏನೋ ಮರೆತಿದೀನಿ ಅನ್ನಿಸ್ತಿದೆ, ಗ್ಯಾಸಾ, ಇಲ್ಲ, ಅಂಗಡಿ ಬೀಗವಾ, ಅದನ್ನ ಎರಡು ಸಲ ಎಳೆದು ನೋಡಿದೆ.

ನೀನೇ ಹಾಕಮ್ಮ ಇವತ್ತು, ಅಂತ ಬಿದಿರಿನ ಕಡ್ಡಿ ಕೊಟ್ಟಳು, ತುದಿ ಬಾಗಿದ ಕಡ್ಡಿ, ಮೂರು ಸಲ ಪುಡಿ ತೆಗೆದರೆ ಬಟ್ಟಲಿಗೆ ಸರಿ, ನಾನು ಪ್ರತಿ ಸಲ ಅಂಚಿಗೆ ತಟ್ಟಿ ಹೆಚ್ಚಾದದ್ದು ಉದುರಿಸ್ತೀನಿ, ಅವಳಿಗೆ ನಗು, ಅಮ್ಮ ಇದು ಔಷಧಿ ಅಲ್ಲ, ಸುಮ್ನಿರೇ, ಅಳತೆ ತಪ್ಪಿದ್ರೆ ಅಮೃತವೂ ವಿಷ, ಅಳತೆ — ದರ್ಜಿ, ಇವತ್ತು ಮಧ್ಯಾಹ್ನ ಒಂದು ಗಂಟೆ, ಅಂಗಡಿ ಬಾಗಿಲು ಅರ್ಧ ಎಳೆದಿದ್ದೆ, ಪಕ್ಕದಂಗಡಿ ದರ್ಜಿ ಕುತ್ತಿಗೆಗೆ ಟೇಪು ಹಾಕ್ಕೊಂಡೇ ಓಡಿಬಂದ, ಮೇಡಂ ಮಗೂಗೆ ಜ್ವರ, ಎಂಟು ತಿಂಗಳು, ಸಿರಪ್ ಮುಗಿದಿತ್ತು, ಡ್ರಾಪ್ಸ್ ಕೊಟ್ಟೆ, ಮದ್ದು ಅದೇ, ನಾಲ್ಕು ಪಟ್ಟು ಗಟ್ಟಿ, ಹನಿ ಲೆಕ್ಕದಲ್ಲಿ ಹಾಕೋದು, ಅಷ್ಟು ಗೊತ್ತಿದ್ದೂ ಬಾಯಿ ತನ್ನ ಪಾಡಿಗೆ ಸಿರಪ್ಪಿನ ಪಾಠ ಒಪ್ಪಿಸ್ತಲ್ಲ, ಒಂದು ಚಮಚ, ದಿನಕ್ಕೆ ಮೂರು ಸಲ, ಹೇಳಿದೆನಾ, ಇಲ್ಲ, ಹೇಳಿರಲ್ಲ, ಪೆಟ್ಟಿಗೆ ಮೇಲೆ ಅಚ್ಚಾಗಿದೆ, ಓದಿರ್ತಾನೆ, ಯಾರು ಓದ್ತಾರೆ — ಚಮಚ, ಬಿಳಿ ಪ್ಲಾಸ್ಟಿಕ್ ಚಮಚ, ಡ್ರಾಯರಿಂದ ನಾನೇ ತೆಗೆದುಕೊಟ್ಟೆ, ಇದನ್ನೂ ಇಟ್ಕೊಳ್ಳಿ ಅಂತ.

ಅಮ್ಮ ಎಲ್ಲಿಗೆ, ಇನ್ನೂ ನೊರೆ ಬಂದಿಲ್ಲ, ಜೋಮು ಹಿಡಿದ ಕಾಲು ನೆಲಕ್ಕೆ ಊರ್ತಿಲ್ಲ, ಗೋಡೆ ಹಿಡಿದು ಆಚೆ ರೂಮಿಗೆ ಹೋಗ್ತೀನಿ, ಫೋನ್ ಮಾಡಿ ಏನಂತ ಹೇಳಲಿ, ತಪ್ಪು ಹೇಳಿದೆ ಅಂತಲಾ, ನಾಳೆ ಬೀದಿಗೆಲ್ಲ ಗೊತ್ತಾಗುತ್ತೆ, ಡಾಕ್ಟ್ರಿಗಿಂತ ನೀವೇ ವಾಸಿ ಮೇಡಂ ಅನ್ನೋ ಬಾಯಿಗಳೇ ಬೈತಾವೆ, ಅಂಗಡಿ ಲೈಸೆನ್ಸು ಹೋಗುತ್ತೆ, ಒಂದು ಸಲ ಕೊಟ್ಟಿದ್ರೆ ಏನೂ ಆಗಿರಲ್ಲ, ಎರಡಾದ್ರೆ, ಮೂರಾದ್ರೆ, ಅಷ್ಟು ಪುಟ್ಟ ಲಿವರ್, ಥೂ, ಹಾಳಾಗಲಿ ನನ್ನ ಮರ್ಯಾದೆ, ಎತ್ತಪ್ಪ, ಎತ್ತು, ರಿಂಗಾಗ್ತಿದೆ, ಹೇಳಿ ಮೇಡಂ, ಮಗು ಹೇಗಿದೆ, ಮಧ್ಯಾಹ್ನ ಒಂದು ಚಮಚ ಹಾಕಿದ್ವಿ ಮೇಡಂ, ಜ್ವರ ಇಳಿದು ಮಲಗಿತ್ತು, ಇದೀಗ ನಮ್ಮನೆಯವಳು ಎಬ್ಬಿಸಿ ಇನ್ನೊಂದು ಕೊಡ್ತಿದಾಳೆ, ಬೇಡ, ನಿಲ್ಲಿಸಿ, ಅದು ಚಮಚದಲ್ಲಿ ಕೊಡೋದಲ್ಲ, ನನ್ನ ತಪ್ಪು, ನನ್ನದೇ ತಪ್ಪು, ಏನಂದ್ರಿ ಮೇಡಂ, ಮನೆಯಲ್ಲೂ ಹೊಲಿಗೆ, ಮಿಷನ್ ಸದ್ದು, ಮಿಷನ್ ನಿಂತಿತು, ಕೊಡಬೇಡ ಅನ್ನಿ ಅವಳಿಗೆ, ಫೋನು ಮೇಜಿನ ಮೇಲೆ ಬಿದ್ದ ಸದ್ದು, ಲೇ, ಲೇ ಇವಳೇ, ಅಂತ ಒಳಗೆ ಓಡಿದ, ಫೋನು ಕಿವಿಗೆ ಒತ್ತಿ ಹಿಡಿದಿದೀನಿ, ಕಣ್ಣ ಮುಂದೆ ಅದೇ ಚಮಚ, ಅಂಚಿನವರೆಗೂ ತುಂಬಿದ ಬಿಳಿ ಚಮಚ, ಮಗುವಿನ ಕೆಳತುಟಿಗೆ ತಾಗಿದ ಬಿಳಿ ಚಮಚ